ಕೊನೆಯ ಸೀಟಿಗೆ ತಂಪು

ಭೀಮರಾಯನಗುಡಿಯಲ್ಲಿ ಕಾಲುವೆಯ ಗೇಟು ತಿರುಗಿಸುವ ಕೆಲಸದಲ್ಲೇ ನಿವೃತ್ತರಾದ ಜಗದೇವಪ್ಪನವರ ಪ್ರಕಾರ ಜಗತ್ತಿನ ಸಕಲ ರೋಗಗಳಿಗೂ ಮೂಲ ಒಂದೇ: ಕಾಲುವೆಯ ಮೇಲ್ಭಾಗದವರ ನೀರುಗಳ್ಳತನ. ಹಳೆಯ ಕಾರಿನ ಏಸಿ ಕೆಟ್ಟಾಗಲೂ ಅವರು ದಂಡನಾಯಕನಂತೆ ಬಾನೆಟ್ ಎತ್ತಿ, ಪೈಪು ಪೈಪನ್ನೂ ತಡವಿ, ಗ್ಯಾಸ್ ಖಾಲಿ ಎಂದ ಮೆಕ್ಯಾನಿಕ್‌ನನ್ನು ಗದರಿದರು: "ಏ ತಮ್ಮಾ, ತಂಪು ಬರಾಕತ್ಯಾದ. ಮುಂದಿನ ಸೀಟಿನವ್ರು ಅಡ್ಡಗಟ್ಟಿ ತಿರುವಿಕೊಂಡಾರ!" ಹಿಂದಿನ ಸೀಟೆಂದರೆ ಅವರಿಗೆ ಕಾಲುವೆಯ ಕೊನೆಯ ಹೊಲ. ಇವತ್ತು ಅಲ್ಲಿ ಕೂತವಳು ಯಾದಗಿರಿಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳುತ್ತಿದ್ದ ಹೆಂಡತಿ ಗೊಲ್ಲಾಳಮ್ಮ. ಕಣ್ಣಿಗೆ ಬೆವರು ಇಳಿಯಲೇಬಾರದು ಎಂದಿದ್ದರು ಡಾಕ್ಟರು. ಜಗದೇವಪ್ಪನವರು ತಮ್ಮ ಮುಂದಿನ ಗಾಳಿಕಿಂಡಿಗಳಿಗೆಲ್ಲ ಟವೆಲ್ ತುರುಕಿ, ತಾವು ಬೆವರಿನಲ್ಲಿ ತೊಯ್ಯುತ್ತಾ, ಫರ್ಲಾಂಗಿಗೊಮ್ಮೆ ಕೇಳಿದರು: "ಬಂತೇನ?" ಬಿಸಿಗಾಳಿಯಲ್ಲಿ ಸೆರಗಿನಿಂದ ಹಣೆ ಒತ್ತಿಕೊಳ್ಳುತ್ತಾ ಗೊಲ್ಲಾಳಮ್ಮ ಅಂದಳು: "ಬಂತ್ರಿ, ಹೊಲ ತುಂಬ್ಯಾದ. ಇನ್ನ ಆ ಟವೆಲ್ ತಗೀರಿ, ಮಾರಿ ಒರಸ್ಕೋರಿ."