ದೂರದ್ದಕ್ಕೆ ಬಿಳಿ, ಹತ್ತಿರದ್ದಕ್ಕೆ ಕೆಂಪು

ಸಿನೆಮಾ ಕಲಿಯಲು ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತ್ತು, ಅವುಗಳಲ್ಲಿ ಒಂದನ್ನು ನಾನು ಆರಿಸಿಕೊಂಡೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದನ್ನೇ ಯಾಕೆ ಎಂದು ಕೇಳಿದರೆ ಪಠ್ಯಕ್ರಮ, ಗ್ರಂಥಾಲಯ ಎಂದು ಯಾವುದಾದರೂ ಮರ್ಯಾದಸ್ಥ ಕಾರಣ ಕೊಡುತ್ತೇನೆ. ನಿಜವಾಗಿ ನನ್ನ ವಿಶ್ವವಿದ್ಯಾಲಯವನ್ನು ಆರಿಸಿದ್ದು ತೆಕ್ಕಟ್ಟೆಯ ನಮ್ಮ ಮನೆಯ ಹಿಂದಿನ ದೈವದ ಗುಡಿಯಲ್ಲಿ, ಬಾಳೆ ಎಲೆಯೊಳಗೆ ಸುತ್ತಿಟ್ಟ ಒಂದು ಹೂವು. ಪಠ್ಯಕ್ರಮವನ್ನು ನಾನು ಓದಿದ್ದು ಅಲ್ಲಿಗೆ ಹೋಗಿ ಸೇರಿದ ಮೇಲೆ.

ಹತ್ತಿರದ ವಿಶ್ವವಿದ್ಯಾಲಯಕ್ಕೆ ಬ್ರಹ್ಮಾವರ ದಾಟಿ ಇನ್ನೊಂದು ಬಸ್ಸು ಹಿಡಿದರೆ ಆಯಿತು. ಅಲ್ಲಿ ಸಿನೆಮಾ ಎಂಬುದು ಪತ್ರಿಕೋದ್ಯಮ ಕೋರ್ಸಿನ ಹೊಟ್ಟೆಯೊಳಗಿನ ಒಂದು ಪೇಪರ್. ನೋಡಲು ಹೋದಾಗ ಕ್ಯಾಮೆರಾ ಕಪಾಟಿನಲ್ಲಿದೆ ಎಂದರು. ಕಪಾಟಿನ ಕೀ ಮುಖ್ಯಸ್ಥರ ಹತ್ತಿರ ಇತ್ತು, ಮುಖ್ಯಸ್ಥರು ರಜೆಯಲ್ಲಿದ್ದರು. ಕ್ಯಾಮೆರಾ ಇದೆ ಎಂಬುದರಲ್ಲಿ ಮಾತ್ರ ಅಲ್ಲಿ ಯಾರಿಗೂ ಸಂಶಯವಿರಲಿಲ್ಲ. ದೂರದ್ದಕ್ಕೆ ರೈಲಿನಲ್ಲಿ ಒಂದು ರಾತ್ರಿ, ಇನ್ನೊಂದು ಹಗಲು. ಅಲ್ಲಿ ಸಂಕಲನವನ್ನೇ, ಅಂದರೆ ಎಡಿಟಿಂಗನ್ನೇ, ಮೂರು ವರ್ಷ ಕಲಿಸುತ್ತಾರೆ. ಡಿಗ್ರಿ ಮುಗಿಸಿ ನಾನು ಕುಂದಾಪುರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸುತ್ತಿದ್ದೆ. ಮದುಮಗಳ ಆಕಳಿಕೆ, ಧಾರೆಯ ಹೊತ್ತಿನಲ್ಲಿ ಫೋನಿನಲ್ಲಿ ಮಾತಾಡುವ ಮಾವ, ಊಟದ ಪಂಕ್ತಿಯಲ್ಲಿ ಜಾಗಕ್ಕಾಗಿ ನಡೆದ ಸಣ್ಣ ಯುದ್ಧ ಇವನ್ನೆಲ್ಲ ತೆಗೆದುಹಾಕಿ, ಆ ಕುಟುಂಬ ಮುಂದೆ ನಂಬಬಹುದಾದ ಒಂದು ಮದುವೆಯನ್ನು ತಯಾರಿಸುವುದು ನನ್ನ ಕೆಲಸ. ಅದರಲ್ಲಿ ಎಷ್ಟು ಸುಖವಿತ್ತೆಂದರೆ ಬೇರೆ ಯಾವ ಕೆಲಸವೂ ನನಗೆ ಕೆಲಸ ಅನ್ನಿಸುತ್ತಿರಲಿಲ್ಲ. ದೂರದ್ದಕ್ಕೆ ಹೋಗದಿದ್ದರೆ ಉಸಿರು ಕಟ್ಟುತ್ತದೆ ಎನ್ನುವಷ್ಟು ಅದು ಬೇಕಾಗಿತ್ತು. ಹಾಗೆ ಮನೆಯಲ್ಲಿ ಹೇಳುವುದು ನಮ್ಮಲ್ಲಿ ಅಭ್ಯಾಸವಿಲ್ಲ.

ಅಪ್ಪಯ್ಯನಿಗೆ ಹೆದ್ದಾರಿಯ ಪಕ್ಕ ಜೀನಸಿ ಅಂಗಡಿ. ಅವರ ಮೊದಲ ಪ್ರಶ್ನೆ, "ಸಿನೆಮಾ ಅಂದ್ರೆ ಕಾಂಬುದಲ್ದಾ? ಅದ್ರಗೆ ಕಲೂಕೆ ಎಂತ ಇತ್?" ಎರಡನೆಯದು ಪ್ರಶ್ನೆಯಲ್ಲ. "ದೂರಕ್ಕೆ ಹೋಪುದ್ ಬ್ಯಾಡ ಅಂದೇಳಿ ನಾ ಹೇಳುದಿಲ್ಲೆ. ಹತ್ರದ್ ಒಳ್ಳೇದಿತ್ ಅಂತಷ್ಟೆ ಹೇಳುದ್." ಅಮ್ಮನ ಅಭಿಪ್ರಾಯ ಕೇಳಿದೆ. "ನಂಗೆಂತ ಗೊತ್ತಿತ್? ಅಪ್ಪಯ್ಯ ಹೇಳ್ದಂಗೆ," ಎಂದು ತೆಂಗಿನಕಾಯಿ ತುರಿಯತೊಡಗಿದರು.

ನಮ್ಮ ಮನೆಯಲ್ಲಿ ಎರಡು ದಾರಿ ಇರುವ ಯಾವ ವಿಷಯವನ್ನೂ ಹೂವಿನಲ್ಲಿ ಕೇಳುತ್ತಾರೆ. ಒಂದು ದಾರಿಗೆ ಬಿಳಿ ಹೂವು, ಇನ್ನೊಂದಕ್ಕೆ ಕೆಂಪು. ಎರಡನ್ನೂ ಬಾಳೆ ಎಲೆಯಲ್ಲಿ ಒಂದೇ ತರಹ ಸುತ್ತಿ, ನಾರಿನಿಂದ ಕಟ್ಟಿ, ದೈವದ ಮುಂದೆ ಇಡುವುದು. ಭಟ್ಟರು ಪ್ರಾರ್ಥನೆ ಮಾಡಿ ಒಂದನ್ನು ಎತ್ತಿ ಬಿಚ್ಚುತ್ತಾರೆ. ಬಂದದ್ದೇ ಅಪ್ಪಣೆ, ಮತ್ತೆ ಕೇಳುವಂತಿಲ್ಲ. ಬೋರ್‌ವೆಲ್ಲಿನ ಜಾಗ ಹಾಗೇ ನಿಶ್ಚಯವಾಯಿತು. ನೀರು ಬರಲಿಲ್ಲ. ಆದರೆ ಯಾರ ಮೇಲೂ ತಪ್ಪು ಬರಲಿಲ್ಲ, ಮನೆಯಲ್ಲಿ ಜಗಳವೂ ಆಗಲಿಲ್ಲ. ನಾಣ್ಯ ಚಿಮ್ಮಿ ಸಂಗೀತ ಕಟ್ಟಿದವರು, ಪತ್ರಿಕೆಯ ಚೂರುಗಳನ್ನು ಚೀಲದಲ್ಲಿ ಕುಲುಕಿ ಕವಿತೆ ಮಾಡಿದವರು ಪ್ರಪಂಚದಲ್ಲಿದ್ದಾರೆ ಎಂದು ಆಮೇಲೆ ತರಗತಿಯಲ್ಲಿ ಕಲಿತೆ. ಅವರನ್ನು ಪ್ರಯೋಗಶೀಲರು ಎನ್ನುತ್ತಾರೆ. ಅಪ್ಪಯ್ಯನನ್ನು ಯಾರೂ ಹಾಗೆ ಕರೆದದ್ದಿಲ್ಲ.

"ಕೇಂಬ," ಎಂದರು ಅಪ್ಪಯ್ಯ, ಹೂವಿನಲ್ಲಿ ಕೇಳೋಣ ಎಂಬ ಅರ್ಥದಲ್ಲಿ. ದೂರದ್ದಕ್ಕೆ ಬಿಳಿ, ಹತ್ತಿರದ್ದಕ್ಕೆ ಕೆಂಪು ಎಂದಾಯಿತು. ಯಾವಾಗಲೂ ಅಮ್ಮ ಕಟ್ಟುವ ಹೂವಿನ ಕಟ್ಟುಗಳನ್ನು ಆ ದಿನ ಬೆಳಿಗ್ಗೆ ಅಪ್ಪಯ್ಯ ತಾವೇ ಕಟ್ಟಿ ಗುಡಿಯಲ್ಲಿಟ್ಟು ಸ್ನಾನಕ್ಕೆ ಹೋದರು. ಭಟ್ಟರು ಬಂದರು. ದೈವಕ್ಕೆ ವಿಷಯ ಸ್ಪಷ್ಟವಾಗಿ ಹೇಳಬೇಕಲ್ಲ, ಅದಕ್ಕೆ ಅಪ್ಪಯ್ಯನನ್ನು ಕೇಳಿದರು, "ಹ್ವಾಯ್, ಮಗಳ್ ಎಂತ ಕಲೂದಂಬ್ರ್?"

"ಸಿನೆಮಾ."

ಭಟ್ಟರು ನನ್ನನ್ನು ಒಮ್ಮೆ ನೋಡಿದರು. "ಹೀರೋಯಿನ್ನಾ?" ಆ ದನಿಯಲ್ಲಿದ್ದ ಅನುಮಾನ ನನಗೆ ಈಗಲೂ ಸ್ವಲ್ಪ ನೋವು ಕೊಡುತ್ತದೆ.

"ಅಲ್ಲ ಭಟ್ರೆ, ಎಡಿಟಿಂಗ್," ಎಂದೆ. "ತೆಗ್ದದ್ರಗೆ ಬ್ಯಾಡದ್ದನ್ನ್ ಕತ್ರಿಸುದ್."

"ಬ್ಯಾಡದ್ದ್ ಕತ್ರಿಸುಕೆ ಮೂರ್ ವರ್ಷವಾ? ಮೊದ್ಲೇ ತೆಗುದ್ ಬ್ಯಾಡಪ್ಪ ಅದನ್ನ್," ಎಂದು ಭಟ್ಟರು ಕಣ್ಣು ಮುಚ್ಚಿ 'ಚಲನಚಿತ್ರ ವಿದ್ಯಾಪ್ರಾಪ್ತ್ಯರ್ಥಂ' ಎಂದು ಶುರು ಮಾಡಿದರು. ಸಿನೆಮಾದ ಬಗ್ಗೆ ಇದಕ್ಕಿಂತ ಗಂಭೀರವಾದ ಮಾತನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಅವರು ಒಂದು ಕಟ್ಟು ಎತ್ತಿ ಬಿಚ್ಚಿದರು. ಬಿಳಿ. ನಂದಿಬಟ್ಟಲು. ಅಪ್ಪಯ್ಯನ ಮುಖದಲ್ಲಿ ಬೇಸರ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬೇಸರವಲ್ಲ, ದಿಗಿಲು. ಹೂವನ್ನೇ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಜೋಡಿಸಿದರು. "ಹೀಂಗೂ ಆತ್ತಾ," ಎಂದು ತಮಗೇ ಹೇಳಿಕೊಂಡರು. ಆ ಕ್ಷಣದಿಂದ ದೂರದ್ದರ ವಿರುದ್ಧ ಒಂದು ಮಾತಿಲ್ಲ. ಮಧ್ಯಾಹ್ನವೇ ಹೋಗಿ ದೊಡ್ಡ ಸೂಟ್‌ಕೇಸ್ ತಂದರು.

ಅದಕ್ಕೆ ಬಟ್ಟೆ ತುಂಬುವಾಗ ಅಮ್ಮ ಹೇಳಿದರು, "ಅಪ್ಪಯ್ಯ ಎರಡ್ರಗೂ ಕೆಂಪೇ ಇಟ್ಟಿದ್ರ್. ಅವ್ರ್ ಮೀವುಕೆ ಹೋದಾಗ ಗುಡಿ ಗುಡ್ಸುಕೆ ಹೋಯಿದ್ದೆ. ಬಿಚ್ಚಿ ಕಂಡೆ. ಎರಡ್ರಗೂ ಬಿಳಿ ಹಾಯ್ಕ್ ಕಟ್ದೆ."

ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ. "ಅಮ್ಮ, ದೈವದ್ ಹತ್ರ ಹಾಂಗ್ ಮಾಡುಕಾತ್ತಾ?"

"ದೈವಕ್ಕೆ ಗೊತ್ತಿತ್ತಲೆ," ಎಂದರು ಅಮ್ಮ, ಸೀರೆ ಮಡಿಸಿದ ಹಾಗೆ ನನ್ನ ಪ್ಯಾಂಟು ಮಡಿಸುತ್ತ. "ಬ್ಯಾಡ ಅಂದಿದ್ರೆ ವಾಪಾಸ್ ಕೆಂಪ್ ಮಾಡ್ತಿದ್ದಿತ್ತ್."

ಇಷ್ಟು ಚೆನ್ನಾಗಿ ಕೂಡಿಕೊಂಡ ಕಥೆಯ ಮೇಲೆ ನನಗೆ ಈಗ ನಂಬಿಕೆ ಇಲ್ಲ. ಕಾರಣ ನನ್ನ ಕಸುಬೇ. ಆ ಬೆಳಗಿನ ನೆನಪಿನಲ್ಲಿ ಅಪ್ಪಯ್ಯನ ಮುಖ ನನಗೆ ಎದುರಿನಿಂದ, ಬಹಳ ಹತ್ತಿರದಲ್ಲಿ ಕಾಣುತ್ತದೆ. ಹುಬ್ಬು ಮೇಲೇರಿದ್ದೂ ಕಾಣುತ್ತದೆ. ಆದರೆ ನಾನು ನಿಂತಿದ್ದು ಅವರ ಹಿಂದೆ, ಅಮ್ಮನ ಪಕ್ಕದಲ್ಲಿ. ಹಾಗಾದರೆ ಆ ಮುಖದ ಶಾಟ್ ತೆಗೆದವರು ಯಾರು? ಮುಂದೆ ಅಮ್ಮ ಹೇಳಿದ್ದನ್ನು ಕೇಳಿದ ಮೇಲೆ, ಕಥೆಗೆ ಬೇಕಾಯಿತೆಂದು ನಾನೇ ಎಲ್ಲಿಂದಲೋ ಒಂದು ಮುಖ ತಂದು ಅಲ್ಲಿ ಸೇರಿಸಿರಬೇಕು. ಫೋನಿನಲ್ಲಿ ಅಮ್ಮನನ್ನು ಕೇಳಿದರೆ, "ನಾ ಯಾವಾಗ ಹಾಂಗ್ ಹೇಳ್ದೆ? ಉಂಡ್ಯಾ?" ಎನ್ನುತ್ತಾರೆ. ಭಟ್ಟರು ಎತ್ತದೆ ಬಿಟ್ಟ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ಅದು ಹಲಸಿನ ಮರದ ಬುಡಕ್ಕೆ ಹೋಯಿತು.

ಅಪ್ಪಯ್ಯನ ಕಥೆ ಇನ್ನೂ ಕಷ್ಟದಲ್ಲಿದೆ. ಅಂಗಡಿಗೆ ಬಂದವರಿಗೆ, "ನಮ್ಮನಿ ದೈವದ್ ಕಾರಣಿಕ ಸಾಮಾನ್ಯ ಅಲ್ಲ, ಮಗಳ್ ವಿಷಯದಗೆ ಕಣ್ಣಾರೆ ಕಂಡಿದ್ದೆ," ಎನ್ನುತ್ತಾರಂತೆ. ಏನು ಕಂಡಿರಿ ಎಂದು ಯಾರಾದರೂ ಕೇಳಿದರೆ ಬೆಲ್ಲ ತೂಗತೊಡಗುತ್ತಾರೆ. ಪವಾಡ ಯಾವುದೆಂದು ಹೇಳಬೇಕಾದರೆ ಮೊದಲು ತಾವು ಮಾಡಿದ್ದೇನೆಂದು ಹೇಳಬೇಕು.

ಇದನ್ನೆಲ್ಲ ನಾನು ನಗುತ್ತ ಹೇಳಬಲ್ಲೆ. ನನಗೆ ಇರುವ ಸಣ್ಣ ತಕರಾರು ಬೇರೆ. ನನಗೆ ಬೇಕು ಎಂಬ ಕಾರಣಕ್ಕೆ ನನ್ನನ್ನು ಯಾರೂ ಕಳಿಸಲಿಲ್ಲ. ಒಬ್ಬರು ದೈವಕ್ಕೆ ಹೆದರಿ ಕಳಿಸಿದರು, ಇನ್ನೊಬ್ಬರು ದೈವವನ್ನು ಜತೆಗೆ ಸೇರಿಸಿಕೊಂಡು ಕಳಿಸಿದರು. ನನ್ನ ಆಸೆ ಅಲ್ಲೆಲ್ಲೋ ಕತ್ತರಿಗೆ ಸಿಕ್ಕಿತ್ತು.

ಹೊರಡುವ ದಿನ ಕುಂದಾಪುರ ಸ್ಟೇಷನ್ನಿನಲ್ಲಿ ಅಪ್ಪಯ್ಯ ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಿ, ಇಳಿದು, ಕಿಟಕಿಯ ಹತ್ತಿರ ಬಂದು ನಿಂತರು. ನೀರು, ಬಾಳೆಹಣ್ಣು, ಚಾರ್ಜರ್ ಎಲ್ಲ ವಿಚಾರಿಸಿ ಆಯಿತು. ರೈಲು ಅಲುಗಿದಾಗ, ಬೇರೆ ಕಡೆ ನೋಡುತ್ತ ಹೇಳಿದರು, "ಅಲ್ಲಿ ಮನಸ್ ನಿಲ್ದಿದ್ರೆ ಬಾ. ವಾಪಾಸ್ ಬಪ್ಪುಕೆ ಹೂಗಿನಗೆ ಎಲ್ಲ ಕೇಂಬುದ್ ಬ್ಯಾಡ."

ಬೈಂದೂರು ದಾಟುವವರೆಗೂ ಅದಕ್ಕೊಂದು ಉತ್ತರ ಯೋಚಿಸುತ್ತಿದ್ದೆ. 'ಆಯ್ತ್' ಎಂದು ಫೋನಿನಲ್ಲಿ ಬರೆದು ಕಳಿಸುವಷ್ಟರಲ್ಲಿ ಸುರಂಗ ಬಂತು, ಸಿಗ್ನಲ್ ಹೋಯಿತು.

ಅಲ್ಲಿ ಮನಸ್ಸು ಬಹಳ ಸಲ ನಿಂತಿಲ್ಲ. ಮೊದಲ ವರ್ಷ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದದ್ದೂ ಇದೆ. ಎಳೆದಾಗಲೆಲ್ಲ, ಯಾವಾಗ ಬೇಕಾದರೂ ಹೋಗಬಹುದಲ್ಲ, ನಾಳೆ ಹೋದರಾಯಿತು ಅನ್ನಿಸಿ, ತರಗತಿಗೆ ಹೋಗಿದ್ದೇನೆ.