ನನ್ನ ಹತ್ತಿರ ಇಟ್ಟ ಮಾತು

ನಾನು ಸಮಾಜಶಾಸ್ತ್ರದ ಪ್ರಾಧ್ಯಾಪಕಿ. ವಲಸೆಯ ಬಗ್ಗೆ ಪಾಠ ಮಾಡುತ್ತಲೇ ತಲೆ ನರೆತಿದೆ. ನಾನೂ ವಲಸೆ ಬಂದವಳೇ. ಶಹಾಪುರದ ಹೊಲಗಳಿಗೆ ಕಾಲುವೆ ನೀರು ಹರಿಯತೊಡಗಿದಾಗ ಅಪ್ಪ ಗೋದಾವರಿ ಸೀಮೆಯ ತುಂಡು ಭೂಮಿ ಮಾರಿ, ಅಮ್ಮನನ್ನೂ ನನ್ನನ್ನೂ ಲಾರಿಯಲ್ಲಿ ಕೂರಿಸಿಕೊಂಡು ಬಂದ. ಕಾಲುವೆಯ ಪಕ್ಕ ನಮ್ಮಂಥವರ ತಗಡಿನ ಮನೆಗಳು ಎದ್ದವು. ಊರವರು ಅದನ್ನು ಕ್ಯಾಂಪ್ ಎಂದರು. ಜೋಳ, ತೊಗರಿ ಬೆಳೆಯುತ್ತಿದ್ದ ಕರಿಮಣ್ಣಿನಲ್ಲಿ ನಾವು ಭತ್ತ ನಾಟಿ ಮಾಡಿದೆವು. ನನಗೆ ತೆಲುಗು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತು ಕುರಿ ಕಾಯುವ ಹೆಂಗಸೊಬ್ಬಳು ಕಾಲುವೆಯ ಏರಿಯ ಮೇಲೆ ನಿಂತು ನೀರಿನತ್ತ ಯಾರನ್ನೋ ಕೂಗುತ್ತಿದ್ದಳು. ಕೂಗಿ, ಕಿವಿಗೊಟ್ಟು ಕಾಯುತ್ತಿದ್ದಳು. ಮೊದಲ ಸಲ ನೀರು ಬಿಟ್ಟಾಗ ಅವಳ ಮಗಳು ಅದರಲ್ಲಿ ಕೊಚ್ಚಿಹೋಗಿದ್ದಳೆಂದು ಕೂಲಿಯವರು ಅಮ್ಮನಿಗೆ ತಿಳಿಸಿದ್ದರು. ಒಂದು ದಿನ ಅವಳು ಕೂಗಿದಾಗ, ಏರಿಯ ಕೆಳಗೆ ಆಡುತ್ತಿದ್ದ ನಾನು ಯಾಕೋ "ಓ" ಎಂದೆ. ಅವಳು ತಿರುಗಿ ನೋಡಿದಳು. ಹೆದರಲಿಲ್ಲ, ಅಳಲಿಲ್ಲ. ಕೆಳಗಿಳಿದು ಬಂದು, ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು.

ನಾನು ಕನ್ನಡ ಕಲಿತದ್ದು ಅವಳಿಂದ. ಕುರಿ ತೋರಿಸಿ "ಕುಲಿ" ಎನ್ನುವಳು. ಬೇರೆಯವರ ಬಾಯಲ್ಲಿ ಕೇಳಿದಂತೆ ನಾನು "ಕುರಿ" ಎಂದರೆ ತಲೆಯಾಡಿಸುವಳು.

"ಹಂಗಲ್ಲ ಯವ್ವಾ. ಕುಲಿ ಅನ್ನು. ಕಡೀಗಿ ಸ್ವಲ್ಪ ಎಳಿ."

ವಿಚಿತ್ರವೆಂದರೆ, ಮಂದೆಯನ್ನು ಹೊಡೆಯುವಾಗ ಅವಳ ನಾಲಿಗೆಯಲ್ಲಿ 'ಕುರಿ' ಸರಿಯಾಗಿಯೇ ಬರುತ್ತಿತ್ತು. ಶಾಲೆಯಲ್ಲಿ ಮಾಸ್ತರರು ನನ್ನ ರಕಾರ ತಿದ್ದಿದರು. ಆದರೆ ಅವಳು ಕಲಿಸಿದ ಮಾತಿನ ಕೊನೆಯ ಎಳೆತವೂ, ಮಾತಿಗೆ ಮುಂಚೆ ಉಸಿರು ನುಂಗುವುದೂ ಹೋಗಲಿಲ್ಲ.

ಹುಲ್ಲುಗಾವಲೆಲ್ಲ ಗದ್ದೆಯಾದ ಮೇಲೆ ಅವಳ ಮನೆಯವರು ಕುರಿ ಹೊಡೆದುಕೊಂಡು ತಿಂಥಣಿ ಕಡೆ ಹೋದರು. ನಾನು ಓದಿದೆ. ಕ್ಯಾಂಪಿನ ಜನರ ಮೇಲೆಯೇ ಸಂಶೋಧನೆ ಮಾಡಿ ಪಿಎಚ್‌.ಡಿ ಪಡೆದೆ, ಸುರಪುರದ ಕಾಲೇಜಿಗೆ ಸೇರಿದೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನ ಎಳೆತವನ್ನು ಅಣಕಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ಬೆಳಿಗ್ಗೆ ಪಾಠ ಮುಗಿಸಿ ಹೊರಬಂದರೆ, ರುಮಾಲು ಸುತ್ತಿದ ಒಬ್ಬ ಹಿರಿಯ ಕಿಟಕಿಯ ಪಕ್ಕ ಕಣ್ಣು ಮುಚ್ಚಿ ನಿಂತಿದ್ದ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದಿದ್ದನಂತೆ.

"ಮೇಡಂ, ಈ ಮಾತು ಯಾರ ಕಡಿಂದ ಕಲ್ತೀರಿ?"

"ಯಾಕ್ರಿ?"

"ಇದು ನಮ್ಮ ತಂಗಿ ದನಿ ಐತ್ರಿ. ಕಾಲುವಿ ನೀರಾಗ ಹೋದಾಕಿ. ಕುರಿಗಿ ಕುಲಿ ಅಂತಿದ್ಳು. ಆಕಿ ಹಿಂಗ ಎಳೀತಿದ್ಳು. ಹಿಂಗ ಉಸುರು ನುಂಗ್ತಿದ್ಳು."

ಏರಿಯ ಮೇಲೆ ಕೂಗುತ್ತಿದ್ದವಳು ನೆನಪಾದಳು. ನಿಮ್ಮವ್ವ ಇದ್ದಾರಾ ಎಂದು ಕೇಳಿದೆ.

"ಅದಾಳ್ರಿ. ಕಣ್ಣು ಕಾಣಂಗಿಲ್ಲ."

ಭಾನುವಾರ ಅವನ ಜೊತೆ ತಿಂಥಣಿಗೆ ಹೋದೆ. ಮುದುಕಿ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಮಗಳೆಂದೇ ತಿಳಿದುಬಿಟ್ಟರೆ ಏನು ಮಾಡುವುದೆಂಬ ಅಳುಕಿತ್ತು. ಹೊಸ್ತಿಲಲ್ಲೇ ನಿಂತು, "ಯವ್ವಾ, ನಾನು ಬಂದೀನಿ" ಎಂದೆ.

"ಕ್ಯಾಂಪಿನ ಹುಡುಗಿ ಹೌದಲ್ಲ? ಬಾ. ಆ ಚಾಪಿ ಮ್ಯಾಲ ಕೂಡಬ್ಯಾಡ. ಅಲ್ಲಿ ನನ್ನ ಮಗಳು ಕುಂತಾಳ."

ಅವಳ ಪಕ್ಕದಲ್ಲಿ ಚಾಪೆಯೊಂದು ಹಾಸಿತ್ತು. ಮೇಲೆ ಯಾರೂ ಇರಲಿಲ್ಲ. ನಾನು ಬರಿ ನೆಲದ ಮೇಲೆ ಕೂತೆ.

"ಮಾತಾಡು ಯವ್ವಾ. ನೀರಿಗಿ ಹೋದಾಗಿಂದ ಆಕಿಗಿ ಮಾತಿಲ್ಲ. ಅದಕ್ಕ ಆಕಿ ಮಾತು ನಿನ್ನ ಹತ್ರ ಇಟ್ಟಿದ್ದೆ."

ಏನು ಹೇಳಲಿ? ಅಪ್ಪ ತೀರಿಕೊಂಡದ್ದು, ನನ್ನ ಮದುವೆ, ಹಳ್ಳಿಗಳಿಂದ ಬರುವ ವಿದ್ಯಾರ್ಥಿನಿಯರು ಎಂದು ತೋಚಿದ್ದೆಲ್ಲ ಹೇಳುತ್ತ ಹೋದೆ. ನಡುವೆ ಒಂದು ಕಡೆ ನೀರು ಕುಡಿಯಲೆಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದೆ. ಮುದುಕಿ ಚಾಪೆಯ ಕಡೆ ಮುಖ ತಿರುಗಿಸಿ, ಉಳಿದರ್ಧವನ್ನು ಯಾರೋ ಹೇಳಿ ಮುಗಿಸಿದಂತೆ, ಗೊಳ್ಳನೆ ನಕ್ಕಳು.

ಬಸ್ಸಿಗೆ ಬಿಡಲು ಬಂದ ಮಗ ಹೇಳಿದ: "ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ಆಕಿಗಿ ವಯಸ್ಸಾಗೇದ." ನಾನು ಹೂಂ ಎಂದೆ. ಆದರೆ ಮನೆಯಿಂದ ಹೊರಡುವಾಗ ಅವನೂ ಆ ಚಾಪೆಯನ್ನು ತುಳಿಯದೆ ಗೋಡೆ ಸವರಿಕೊಂಡು ಬಂದದ್ದನ್ನು ನೋಡಿದ್ದೆ.

ಆಮೇಲೆ ಮುದುಕಿ ಇರುವವರೆಗೂ ಬಿಡುವಾದಾಗಲೆಲ್ಲ ಹೋಗಿ ಮಾತಾಡಿ ಬರುತ್ತಿದ್ದೆ. ಅವಳು ಸತ್ತ ಮೇಲೆ ಇನ್ನು ಯಾಕೆ ಹೋಗುವುದು ಎಂದುಕೊಂಡಿದ್ದೆ. ಮಗನೇ ಫೋನು ಮಾಡಿದ.

"ಚಾಪಿ ಎತ್ತಿಲ್ರಿ ಮೇಡಂ. ಬರ್ರಿ."

ಹೋಗುತ್ತಿದ್ದೇನೆ.