ಗೊಣಗಪ್ಪ ನೀರು ಕುಡಿಯಲೇಬೇಕು

ಜಂಬಯ್ಯ ಯಶವಂತನಗರದ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಸ್ಟೇರಿಂಗ್ ಬಿಟ್ಟ. ವಾರಕ್ಕೆ ಮೂರು ಸಲ ಬೆಳಗಿನ ಬಸ್ಸು ಹಿಡಿದು ಹೊಸಪೇಟೆಗೆ ಬಂದು, ಡಯಾಲಿಸಿಸ್ ಮಷೀನಿಗೆ ತೋಳು ಒಪ್ಪಿಸಿ ಮಲಗುವುದೇ ಅವನ ಡ್ಯೂಟಿಯಾಯಿತು.

ಅಲ್ಲಿ ಅವನಿಗೆ ಸೂಜಿಗಿಂತ ಜೋರಾಗಿ ಚುಚ್ಚುತ್ತಿದ್ದದ್ದು ಧೈರ್ಯದ ಮಾತು. ಗೋಡೆಯ ತುಂಬ ‘ನಗುನಗುತ್ತಾ ಹೋರಾಡಿ’ ಎಂದು ದೊಡ್ಡ ಅಕ್ಷರ. ರೋಗಿಗಳಿಗೆ ಧೈರ್ಯ ಹೇಳಲೆಂದೇ ನೇಮಕವಾಗಿದ್ದ ಮಾಲತೇಶ್ ದಿನವೂ ಬಂದು, ನೀವೆಲ್ಲ ವೀರರು ಎನ್ನುತ್ತಿದ್ದ. ಕೆಟ್ಟವನೇನಲ್ಲ, ಹಬ್ಬದ ದಿನವೂ ತಪ್ಪಿಸಿದವನಲ್ಲ. ಆದರೆ ವಾಂತಿ ಮಾಡಿಕೊಂಡು ಬಾಯಿ ಒರೆಸಿಕೊಳ್ಳುತ್ತಿರುವವನಿಗೆ ವೀರ ಅಂದರೆ ಅವನು ಏನು ತಾನೇ ಉತ್ತರ ಕೊಟ್ಟಾನು?

ಬೇಸಿಗೆ ಶುರುವಾಗುವ ಹೊತ್ತಿಗೆ ಪಕ್ಕದ ಹಾಸಿಗೆಗೆ ಕಂಪ್ಲಿಯ ಶಿಲ್ಪಶ್ರೀ ಬಂದಳು. ಡಿಗ್ರಿ ಓದುತ್ತಿದ್ದ ಹುಡುಗಿ. ಬಂದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಒಂದು ದಿನ ಮಾಲತೇಶ್, ನಿನ್ನಂಥ ಧೈರ್ಯವಂತೆ ಅಳಬಾರದು ಎಂದ. ಅವಳು ಮುಸುಕು ಎಳೆದುಕೊಂಡಳು. ಅವನು ಅತ್ತ ಹೋದ ಮೇಲೆ ಜಂಬಯ್ಯ ಸೂರು ನೋಡುತ್ತ, ಯಾರಿಗೂ ಹೇಳುತ್ತಿಲ್ಲವೆಂಬಂತೆ ಒಂದು ಕಥೆ ಶುರುಮಾಡಿದ.

ಗೊಣಗಪ್ಪ ಎಂಬ ಮಾಂತ್ರಿಕ. ಕಲಿತದ್ದು ಒಂದೇ ಮಂತ್ರ, ಅದೂ ಅರ್ಧಕ್ಕೆ ಮರೆತುಹೋಗಿದೆ. ಏಳು ಹೆಡೆಯ ಸರ್ಪವನ್ನು ಕೊಂದರೆ ಅರ್ಧ ರಾಜ್ಯ ಕೊಡುತ್ತೇನೆಂದು ರಾಜ ಆಸೆ ತೋರಿಸುತ್ತಾನೆ. ಯಾವ ಅರ್ಧ, ಸರ್ಪ ಇರುವ ಅರ್ಧವೇ ಎಂದು ಗೊಣಗಪ್ಪ ಕೇಳುತ್ತಾನೆ. ಎಲ್ಲರೂ ಜೈಕಾರ ಹಾಕುವಾಗ ಅವನು ಓಡಿಹೋಗುವ ದಾರಿ ನೋಡಿಟ್ಟುಕೊಳ್ಳುತ್ತಾನೆ. ಕತ್ತಲಲ್ಲಿ ದಿಕ್ಕು ತಪ್ಪಿ ನೇರ ಸರ್ಪದ ಗುಹೆಗೇ ನುಗ್ಗುತ್ತಾನೆ. ಅಲ್ಲಿ ಸರ್ಪಕ್ಕೆ ಏಳೂ ತಲೆಗಳು ಒಟ್ಟಿಗೆ ನೋಯುತ್ತಿವೆ.

ಮುಸುಕಿನೊಳಗಿಂದ ಒಂದು ಪ್ರಶ್ನೆ ಬಂತು: "ಆಮ್ಯಾಲ?"

ಅವತ್ತಿನಿಂದ ಗೊಣಗಪ್ಪ ವಾರ್ಡಿಗೆ ಖಾಯಂ ಆದ. ಅವನು ದೇವರನ್ನೂ ಬೈಯುತ್ತಿದ್ದ, ಗುರುವನ್ನೂ ಬಿಡುತ್ತಿರಲಿಲ್ಲ. ನನಗೆ ಭಯ ಎಂದು ರಾಜಸಭೆಯಲ್ಲೇ ಹೇಳುತ್ತಿದ್ದ. ಮನೆಯಲ್ಲಿ ಹೆಂಡತಿ ಮಕ್ಕಳೆದುರು ಆ ಮಾತು ಆಡಲಾಗದವರೆಲ್ಲ ಇಲ್ಲಿ ಅವನ ಬಾಯಲ್ಲಿ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಷೀನಿನ ಅಲಾರಂ ಹೊಡೆದರೆ ಸಿಸ್ಟರ್ ಗಂಗಾ ಅದನ್ನು ಆರಿಸಿ, ಹೂಂ ಮುಂದಕ್ಕೆ ಹೇಳಿ ಎನ್ನುತ್ತಿದ್ದರು.

ಏಪ್ರಿಲ್ಲಿನ ಬಿಸಿಲಲ್ಲಿ ಗೊಣಗಪ್ಪ ಅಮೃತಸರೋವರ ತಲುಪಿದ. ಒಂದು ಬೊಗಸೆಗಿಂತ ಹೆಚ್ಚು ಮುಟ್ಟಬಾರದೆಂದು ಕಾವಲುಗಾರರ ಅಪ್ಪಣೆ. ಗೊಣಗಪ್ಪ ಅವರನ್ನು ಬಾಯಿಗೆ ಬಂದಂತೆ ಬೈದು, ಮೊಸಳೆಯ ಹಾಗೆ ನೀರಿಗೆ ಬಿದ್ದು ಗಟಗಟನೆ ಕುಡಿದ. ಕುಡಿದು ತೇಗಿದ. ಮತ್ತೆ ಕುಡಿದ. ವಾರ್ಡಿನವರೆಲ್ಲ ಅವನ ಜೊತೆ ಗುಟುಕು ನುಂಗಿದರು. ಅಲ್ಲಿದ್ದವರೆಲ್ಲ ಡಾಕ್ಟರ ಅಪ್ಪಣೆಯಂತೆ ದಿನಕ್ಕಿಷ್ಟೇ ಎಂದು ನೀರು ಅಳೆದು ಕುಡಿಯುವವರು. ಜಂಬಯ್ಯನೂ ಅಷ್ಟೇ, ಚಿಕ್ಕ ಸ್ಟೀಲ್ ಲೋಟ ದಾಟುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ರೋಗಿಗಳ ದಿನಾಚರಣೆ ನಿಗದಿಯಾಯಿತು. ವೇದಿಕೆಯ ಮೇಲೆ ಈ ಕಥೆ ಹೇಳಬೇಕೆಂದು ಮಾಲತೇಶ್ ಕೇಳಿಕೊಂಡ. ಒಂದೇ ಒಂದು ತಿದ್ದುಪಡಿ: ಗೊಣಗಪ್ಪ ಒಂದು ಬೊಗಸೆ ಕುಡಿದು ಕೈಮುಗಿಯಬೇಕು, ತನ್ನ ತಪ್ಪು ತಿಳಿದು ವೀರನಾಗಬೇಕು. ರೋಗಿಗಳಿಗೆ ಅದು ಮಾದರಿ.

ಜಂಬಯ್ಯ ತನ್ನ ಸ್ಟೀಲ್ ಲೋಟದ ಕಡೆ ನೋಡಿದ.

"ನಾವು ಕುಡಿಯೋಂಗಿಲ್ರಿ ಸರ್. ನೀವು ಹೇಳಿದಂಗ ಕೇಳ್ತೀವಿ. ಕಥಿಯಾಗಾದ್ರೂ ಅಂವ ಕುಡೀಲಿ."

"ಹಾಗಾದರೆ ವೇದಿಕೆ ಕಷ್ಟ, ಜಂಬಯ್ಯನವರೇ."

"ಬ್ಯಾಡ ಬಿಡ್ರಿ."

ಅವನ ಬದಲು ಶಿಲ್ಪಶ್ರೀಯನ್ನು ವೇದಿಕೆ ಹತ್ತಿಸುವುದೆಂದಾಯಿತು. ಧೈರ್ಯವಂತ ಯುವತಿಯ ಅನುಭವದ ಮಾತು. ಮಾಲತೇಶನೇ ಭಾಷಣ ಬರೆದುಕೊಟ್ಟ. ಅವಳು ಹಾಳೆ ತೆಗೆದುಕೊಂಡದ್ದು ನೋಡಿ ಜಂಬಯ್ಯನ ಮನಸ್ಸು ಮುದುಡಿತು.

ಕಾರ್ಯಕ್ರಮದ ದಿನ ಅವನು ಹಿಂದಿನ ಸಾಲಿನಲ್ಲಿ ಕುಳಿತ. ಶಾಲು ಹೊದ್ದ ಗಣ್ಯರ ನಡುವೆ ಶಿಲ್ಪಶ್ರೀ ಎದ್ದು ನಿಂತು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

"ನಾ ಧೈರ್ಯವಂತಿ ಅಲ್ಲ್ರಿ," ಎಂದಳು. "ಸೂಜಿ ಕಂಡ್ರ ಭಾಳ ಅಂಜಿಕಿ ಬರ್ತದ. ಓಡಿಹೋಗೂಣು ಅಂತ ದಿನಾ ಅನಸ್ತದ. ಬೈಕೊಂತನ ಬರ್ತೀನಿ. ನಾಳೆನೂ ಬರ್ತೀನಿ. ಅದಕ್ಕ ಯಾರೂ ನನ್ನ ವೀರಿ ಅನಬ್ಯಾಡ್ರಿ."

ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಚಪ್ಪಾಳೆ ಎದ್ದಿತು. ಬ್ಯಾಂಡೇಜು ಸುತ್ತಿದ ತೋಳಿನವರು ಇನ್ನೊಂದು ಕೈಯಿಂದ ತೊಡೆ ತಟ್ಟಿದರು. ಮಾಲತೇಶ್ ಹಿಡಿದಿದ್ದ ಮೈಕು ಕೆಳಗಿಟ್ಟು ತಾನೂ ಚಪ್ಪಾಳೆಗೆ ಸೇರಿದ.

ಮರುದಿನ ಶಿಲ್ಪಶ್ರೀ ಗೋಡೆಗೆ ಬೆನ್ನು ಮಾಡಿ, ಜಂಬಯ್ಯನ ಕಡೆ ತಿರುಗಿ ಮಲಗಿದಳು. ಸೂಜಿ ಇಳಿಯುವಾಗ ಸಿಸ್ಟರಿಗೆ ಕೇಳುವ ಹಾಗೆಯೇ ಬೈದಳು. ಆಮೇಲೆ, "ಮಾಮ, ಸರ್ಪಕ್ಕ ಒಬ್ಬಾಕಿ ತಂಗಿ ಇದ್ಲು. ಇವತ್ತು ನಾ ಹೇಳ್ತೀನಿ," ಎಂದಳು.

ಜಂಬಯ್ಯ ದಿಂಬು ಸರಿಮಾಡಿಕೊಂಡು ಹೂಂಗುಟ್ಟಿದ.